ಹೊಗೆಗೆ ಒಂದು ಕೊಡ ನೀರು

ಈ ದೇಶದಲ್ಲಿ ಹೊಗೆಗೆ ಮೊದಲ ತೆರಿಗೆ ಬಿದ್ದದ್ದು ಬೀದರಿನ ನೌಬಾದದ ನಮ್ಮ ಮನೆಯಲ್ಲಿ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇ ಅರ್ಧದಷ್ಟೂ ಖಾತ್ರಿಯಿಲ್ಲ. ಆ ತೆರಿಗೆಯ ನೀರು ಕುಡಿದ ಬೇವಿನ ಸಸಿಗಳು ಹನ್ನೊಂದಿದ್ದವೋ ಹದಿಮೂರೋ ಹೇಳಲಾರೆ. ಆದರೆ ಚಿಕ್ಕಮ್ಮನ, ಅಂದರೆ ನಮ್ಮ ಕಾಕಿಯ, ಪಾಲಿನ ನೀರು ಹೊತ್ತವನು ನಾನೇ ಎಂಬುದು ಮಾತ್ರ ಗಟ್ಟಿಯಾಗಿ ನೆನಪಿದೆ. ಅದನ್ನು ಎಷ್ಟು ಮದುವೆ ಊಟಗಳಲ್ಲಿ ಹೇಳಿಕೊಂಡಿದ್ದೇನೋ!

ತೆರಿಗೆ ಹಾಕಿದವರು ನಮ್ಮ ಚಿಕ್ಕಪ್ಪ, ಕಾಕಾ. ಭಾಲ್ಕಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ಭೂಮಿ ಬಿಸಿಯಾಗುತ್ತಿದೆ ಎಂದು ಭಾಷಣ ಮಾಡಿದರೆ ಯಾರೂ ಗಾಡಿ ಇಳಿಯುವುದಿಲ್ಲ, ಹೊಗೆಗೊಂದು ಬೆಲೆ ಇಟ್ಟರೆ ಇಳಿಯುತ್ತಾರೆ ಎಂಬುದು ಅವರ ಸಿದ್ಧಾಂತ. ಗಾಡಿಯಲ್ಲಿ ಚೌಕಕ್ಕೆ ಹೋದರೆ ರಸ್ತೆಬದಿಯ ಸಸಿಗಳಿಗೆ ಒಂದು ಕೊಡ ನೀರು. ಕೋಟೆಯ ತನಕ ಎರಡು. ಕಾರು ಮಾಡಿಕೊಂಡು ದೂರದ ಭಾತಂಬ್ರಾ ಹಳ್ಳಿಗೆ ಹೋದರೆ ಹತ್ತು. ಬಸ್ಸಿಗೆ ಮಾತ್ರ ಮಾಫಿ. ನಲ್ಲಿ ಮನೆಯ ಹಿತ್ತಲಲ್ಲಿ, ಸಸಿಗಳು ಓಣಿಯ ಆ ತುದಿಯಲ್ಲಿ. ಧೋರಣೆಯ ಜೀವ ಇದ್ದದ್ದು ಆ ದೂರದಲ್ಲಿ!

ಮೊದಲ ದಿನವೇ ನಾನು ಗಾಡಿ ಮೇಲೆ ಹೋಗಿ ಮಿರ್ಚಿ ಭಜಿ ತಂದೆ. ಗೇಟಿನಲ್ಲಿ ಕಾಕಾ ಕೊಡ ಹಿಡಿದು ನಿಂತಿದ್ದರು.

“ಕಾಕಾ, ನಡದು ಹೋದ್ರ ಭಜಿ ಆರಿ ಹೋಗ್ತಾವ್ರಿ.”

“ಆರಲಿ. ಭೂಮಿ ಸುಡೋದಕ್ಕಿಂತ ಭಜಿ ಆರೋದು ಸಸ್ತಾ.”

ಜಗತ್ತಿನ ಹೊಗೆಯ ಮುಂದೆ ನನ್ನ ಭಜಿಯ ಹೊಗೆ ಎಷ್ಟರದು? ವಿಶ್ವವಿದ್ಯಾಲಯದಲ್ಲಿ ಕಲಿತ ತರ್ಕವನ್ನೆಲ್ಲ ಸುರಿದೆ. ಕಾಕಾ ಪೂರ್ತಿ ಕೇಳಿಸಿಕೊಂಡು, “ಆತು, ಈಗ ನೀರೂ ಸುರಿ” ಎಂದರು.

ದಿನಾ ಭಜನೆಗೆ ನಡೆದೇ ಹೋಗುತ್ತಿದ್ದ ಕಾಕಿ ಸುಮ್ಮನಿರುತ್ತಾರೆಯೇ? “ಗಾಡಿ ಹತ್ತಿದವರಿಗಿ ಶಿಕ್ಷಾ. ನಡದವರಿಗಿ ಏನ್ ಸಿಗ್ತದರಿ?” ಎಂದು ಕೇಳಿದರು. ನಡೆದವರಿಗೆ ದಿನಕ್ಕೊಂದು ಕೊಡ ಜಮೆ ಎಂದು ಸಂಜೆಯೊಳಗೆ ತಿದ್ದುಪಡಿ ಬಂತು. ವಾರದಲ್ಲೇ ಕಾಕಿ ಆ ಜಮೆಯನ್ನು ನನಗೆ ಮಾರತೊಡಗಿದರು. ನನ್ನ ತೆರಿಗೆಯ ಒಂದು ಕೊಡ ತೀರಬೇಕಾದರೆ ಅವರ ಜೋಳವನ್ನು ಗಿರಣಿಗೆ ಹೊರಬೇಕು, ಅದೂ ಹೆಗಲ ಮೇಲೆ!

“ಮಾರ್ಕೆಟ್ ತಯಾರಾತು ನೋಡು,” ಎಂದು ಕಾಕಾ ಕುಣಿದಾಡಿದರು. ಹದಿನೈದು ದಿನಗಳಲ್ಲಿ ನನ್ನ ಗಾಡಿಯ ಸೀಟಿನ ಮೇಲೆ ಬೆಕ್ಕು ಮಲಗತೊಡಗಿತು. ಅದು ಧೋರಣೆಯ ಯಶಸ್ಸೋ ನನ್ನ ಸೋಮಾರಿತನವೋ, ಈಗಲೂ ಅನುಮಾನ.

ಆಮೇಲೆ ಕಾಕಿಯ ಮೊಣಕಾಲು ಹಿಡಿದುಕೊಂಡಿತು. ನಡಿಗೆ ನಿಂತಿತು, ಜಮೆಯೂ ನಿಂತಿತು. ಭಾತಂಬ್ರಾದಲ್ಲಿ ಹಾಸಿಗೆ ಹಿಡಿದಿದ್ದ ತಮ್ಮ ಅಕ್ಕನನ್ನು ಅವರು ಪ್ರತಿ ಭಾನುವಾರ ನೋಡಿ ಬರುತ್ತಿದ್ದರು. ಈಗ ಬಸ್ಸಿನ ಮೆಟ್ಟಿಲು ಹತ್ತಲಾಗದು. ಕಾರೇ ಬೇಕು.

“ಹತ್ತು ಕೊಡ ನನ್ನ ಕೈಲಿ ಆಗಲ್ರಿ. ನನಗೊಂದು ಮಾಫಿ ಮಾಡ್ರಿ.”

“ನಿನಗ ಮಾಫಿ ಕೊಟ್ರ ನಾಳಿ ಎಲ್ಲಾರೂ ಮೊಣಕಾಲು ಹಿಡ್ಕೊಂಡು ಬರ್ತಾರ.”

“ಹಂಗಾರ ಅಕ್ಕನ್ನ ನೋಡೋದು ಬಿಡ್ತೇನಿ,” ಎಂದು ಕಾಕಿ ಒಳಗೆ ಹೋದರು. ಆ ವಾರ ಮನೆಯಲ್ಲಿ ಯಾರೂ ಕಾಕಾನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ನೋಡಿದರೆ ಗೇಟಿನ ಮುಂದೆ ಕಾರು!

“ತೆರಿಗಿ?” ಎಂದರು ಕಾಕಿ.

“ಮುಟ್ಟೇದ. ಯಾರೋ ನೀರ್ ಹಾಕ್ಯಾರ. ಕಾರ್ ಹತ್ತು,” ಎಂದರು ಕಾಕಾ, ಎಲ್ಲೋ ನೋಡುತ್ತ.

ಆ ‘ಯಾರೋ’ ನಾನೇ ಎಂದು ಇಷ್ಟು ವರ್ಷ ನಂಬಿದ್ದೆ. ಭುಜದ ನೋವು ಕೂಡ ನೆನಪಿತ್ತು! ಮೊನ್ನೆ ಊಟಕ್ಕೆ ಕೂತಾಗ ಕಾಕಿಯ ಎದುರಿಗೇ ಅದನ್ನು ಕೊಚ್ಚಿಕೊಂಡೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ತಮ್ಮಾ, ಆವತ್ತು ನೀ ಊರಾಗೇ ಇರ್ಲಿಲ್ಲ. ನಸುಕಿನಾಗ ನಿಮ್ಮ ಕಾಕಾನ ನೀರ್ ಹೊತ್ತಾರ. ನಾ ಕಿಟಕ್ಯಾಗಿಂದ ನೋಡೀನಿ. ಐದನೇ ಕೊಡಕ್ಕ ಸೊಂಟ ಹಿಡ್ಕೊಂಡು ಕಟ್ಟಿ ಮ್ಯಾಲ ಕೂತಿದ್ರು. ನೋಡೀನಿ ಅಂದ್ರ ನಾಚ್ತಾರಂತ ಸುಮ್ಮಾದೆ.”

ಪಕ್ಕದ ಕೋಣೆಯಲ್ಲಿ ಕಾಕಾ ರೇಡಿಯೊದ ದನಿ ಜೋರು ಮಾಡಿದರು.

ನಾನು ಸುಲಭಕ್ಕೆ ನಂಬುವವನಲ್ಲ. ಟ್ರಂಕಿನಿಂದ ನನ್ನ ಹಳೆಯ ಪರೀಕ್ಷಾ ಮೇಲ್ವಿಚಾರಣೆಯ ಆದೇಶ ತೆಗೆದು, ಕಾಕಾನ ತೆರಿಗೆ ಲೆಕ್ಕದ ಪುಸ್ತಕದ ಜೊತೆ ತಾರೀಖು ತಾಳೆ ನೋಡಿದೆ. ಆ ಇಡೀ ವಾರ, ಭಾನುವಾರವೂ ಸೇರಿ, ನಾನು ಔರಾದದಲ್ಲಿದ್ದೆ. ಗೇಟಿನ ಮುಂದಿನ ಆ ಕಾರನ್ನೂ ನಾನು ಕಂಡವನಲ್ಲ, ಬರೀ ಕೇಳಿದವನು!