ಹಸುಗಳ ತವರಿಗೆ ಇನ್ನೊಂದು ಸಲ

ಹಾಲೆಂಡಿನಿಂದ ಬಂದ ಮೇಲೆ ಕಾಂತರಾಜನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಕೂತರೆ ಏಳಬೇಕು ಅನ್ನಿಸುತ್ತಿತ್ತು. ಎದ್ದರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತಿತ್ತು. ಹೊರಟರೋ, ಬೀದಿಯ ಮೊದಲನೇ ಜಗಲಿಯಿಂದಲೇ "ಎಲ್ಲಿಗೆ ಹೊರಟೆ?" ಎಂಬ ಕೂಗು ಬಂದು ಕಾಲಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತಿತ್ತು.

ಪಶು ಆಹಾರದ ಕಂಪನಿಯೊಂದು ಕೋಲಾರದ ಸುತ್ತಿನ ಊರುಗಳ ಡೇರಿಗಳಿಂದ ಒಬ್ಬೊಬ್ಬರನ್ನು ಆರಿಸಿ, ಎಚ್ಚೆಫ್ ಎಂಬ ಕಪ್ಪು ಬಿಳುಪಿನ ಸೀಮೆಹಸುಗಳ ಮೂಲದೇಶ ತೋರಿಸಲು ಕರೆದೊಯ್ದಿತ್ತು. ಕ್ಯಾಲನೂರಿನ ಪಕ್ಕದ ಈ ಸಣ್ಣ ಊರಿನಿಂದ ಹೋದವನು ಕಾಂತರಾಜ. ಊರಿನವರು ಆ ದೇಶವನ್ನು 'ಹಸುಗಳ ತವರು' ಅಂದರು. ಹೊರಡುವಾಗ ಸಾಲುಗಟ್ಟಿ ಬುದ್ಧಿ ಹೇಳಿದ್ದರು. ವಿಮಾನದಲ್ಲಿ ಕಿವಿಗೆ ಹತ್ತಿ ಇಟ್ಟುಕೋ, ನೀರು ಬದಲಾದರೆ ಜೀರಿಗೆ ಅಗಿ, ಪಾಸ್‌ಪೋರ್ಟನ್ನು ಚಡ್ಡಿ ಜೇಬಿನಲ್ಲೇ ಇಡು. ವಾಪಸು ಬಂದ ಮೇಲೆ ಹೇಗಿರಬೇಕು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಅಲ್ಲಿ ಸಂಜೆಯಾದರೆ ಅವನು ಕಾಲುವೆಯ ದಂಡೆಯ ಮೇಲೆ ಒಬ್ಬನೇ ನಡೆಯುತ್ತಿದ್ದ. ಆಚೆ ದಡದಲ್ಲಿ ಹಸುಗಳು, ಈಚೆ ದಡದಲ್ಲಿ ಇವನು. ಎಲ್ಲಿಗೆ, ಏಕೆ, ಯಾವಾಗ ಬರ್ತೀಯ ಎಂದು ಒಂದು ಪ್ರಾಣಿಯೂ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಹೊತ್ತು ತಿರುಗಿದ ಮೂಟೆಯನ್ನು ಯಾರೋ ಮೆಲ್ಲನೆ ಇಳಿಸಿಕೊಂಡ ಹಾಗಾಗಿತ್ತು.

ಈಗ ಮೂಟೆ ಮತ್ತೆ ಬೆನ್ನೇರಿತ್ತು. ಡೇರಿಯ ಸಾಲಿನಲ್ಲಿ ಅವನು ಅಲ್ಲಿನವರಂತೆ ಮುಂದಿನವರಿಂದ ಒಂದು ಮಾರು ದೂರ ಬಿಟ್ಟು ನಿಲ್ಲುತ್ತಿದ್ದ. ಆ ಜಾಗದಲ್ಲಿ ಅರ್ಧ ಊರು ನುಗ್ಗಿ, ಅವನ ಹಾಲು ಕೊನೆಗೆ ಹೋಗುತ್ತಿತ್ತು. ಮುದ್ದೆ ಬಡಿಸಿದ ಹೆಂಡತಿ ಅನಿತಳಿಗೆ ಒಮ್ಮೆ "ಥ್ಯಾಂಕ್ಸ್" ಅಂದದ್ದಕ್ಕೆ ಅವಳು ಸೌಟು ಕೆಳಗಿಟ್ಟು, ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದ್ದಳು.

ಅಂಥ ಒಂದು ಬೆಳಿಗ್ಗೆ ಡೇರಿಯ ಅಧ್ಯಕ್ಷ ಕೋದಂಡರಾಮಪ್ಪ ಹಾಲು ಹಾಕಲು ಬಂದವರ ಮುಂದೆ ಕೈ ಎತ್ತಿ ಹೇಳಿದರು:

"ಕಂಪನಿಯೋರು ಇನ್ನೊಂದು ಸಲ ಕರ್ಕೊಂಡು ಹೋಗ್ತಾರಂತೆ. ಸಂಜೆ ಹಾಲಿನ ಹೊತ್ತಿಗೆ ಒಂದು ಹೆಸರು ಕೊಡ್ಬೇಕು. ಹೊಸಬ್ರು ಯಾರೂ ಮುಂದೆ ಬರ್ಲಿಲ್ಲ ಅಂದ್ರೆ ಹೋಗಿದ್ದೋರ್ನೇ ಕಳಿಸ್ಬೌದಂತೆ."

ಕಾಂತರಾಜನ ಎದೆ ಹಾಲಿನ ಕ್ಯಾನಿನ ಮುಚ್ಚಳದ ಹಾಗೆ ಟಣ್ ಎಂದಿತು.

"ಆಸೆ ಇರೋರು ಮೊದ್ಲು ನಮ್ಮ ಕಾಂತರಾಜನ್ನ ಕೇಳಿ ತಿಳ್ಕೊಳ್ಳಿ," ಎಂದರು ಅಧ್ಯಕ್ಷರು. "ಹೋಗಿ ಬಂದೋನು ಅವನೊಬ್ಬನೇ."

ಹಾಲಿನ ಪಾತ್ರೆಯ ಕಾವಲಿಗೆ ಬೆಕ್ಕನ್ನು ಕೂರಿಸಿದಂತಾಯಿತು.

ಮೊದಲು ಬಂದವನು ಟೊಮೇಟೊ ಬೆಳೆಯುವ ಶಿವಶಂಕರ್. ಕಾಂತರಾಜ ಕೊಟ್ಟಿಗೆಯಲ್ಲಿ ಸೀಮೆಹುಲ್ಲು ಹರಡುತ್ತಿದ್ದ. ಅನಿತ ಆ ತುದಿಯಲ್ಲಿ ಸಗಣಿ ಬಾಚುತ್ತಿದ್ದಳು.

"ಅಣ್ಣಾ, ಅಲ್ಲಿ ಊಟ ಎಂಗಣ್ಣಾ?"

"ಮೀನು ಕೊಡ್ತಾರಪ್ಪ."

"ಮೀನಾದ್ರೆ ನಡೀತದೆ ಬಿಡು."

"ಬೇಯ್ಸಲ್ಲ ಕಣೋ. ಹಸೀದು. ಬಾಲ ಹಿಡ್ಕೊಂಡು, ತಲೆ ಮೇಲಕ್ಕೆತ್ತಿ, ಹಂಗೇ ಬಾಯಿಗೆ ಇಳೇಬಿಡ್ಬೇಕು."

ಶಿವಶಂಕರ್ ತಿರುಪತಿಗೆ ಹೋದಾಗಲೂ ಟಿಫನ್ ಕ್ಯಾರಿಯರಿನಲ್ಲಿ ಮುದ್ದೆ ಕಟ್ಟಿಸಿಕೊಂಡು ಹೋದವನು. ಅವನು ಕೇಳಿಯೇಬಿಟ್ಟ: "ಮುದ್ದೆ?"

"ಮುದ್ದೆ ಹಂಗಿರ್ಲಿ, ಬಿಸಿ ಅನ್ನೋದೇ ಇಲ್ಲ. ಮಧ್ಯಾಹ್ನಕ್ಕೆ ಒಣಕಲು ಬ್ರೆಡ್ಡು, ಅದರ ಮೇಲೆ ತಣ್ಣನೆ ಚೀಸು. ನಾನು ರಾತ್ರಿ ಕಣ್ಣು ಮುಚ್ಚಿದ್ರೆ ಬಸ್ಸಾರು ಕಾಣ್ತಿತ್ತು."

"ಬ್ಯಾಡ ಬಿಡಣ್ಣಾ," ಎಂದು ಶಿವಶಂಕರ್ ಹೊಟ್ಟೆ ಹಿಡಿದುಕೊಂಡೇ ಹೋದ.

ಆ ಮೀನಿನ ಅಂಗಡಿಗೆ ದಿನಾ ಸಂಜೆ ಕಳ್ಳನಂತೆ ಹೋಗಿ ಬರುತ್ತಿದ್ದುದನ್ನು ಕಾಂತರಾಜ ಯಾರಿಗೂ ಹೇಳಿರಲಿಲ್ಲ.

ಎರಡನೆಯವಳು ಮುನಿಶಾಮಮ್ಮ. ನಾಲ್ಕು ಹಸು ಸಾಕಿರುವ ವಿಧವೆ. ಮಾತು ಶುರುವಾದರೆ ಅವಳೆದುರು ರೇಡಿಯೋ ಕೂಡ ಬಾಯಿ ಮುಚ್ಚಿಕೊಳ್ಳಬೇಕು. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ ಕೇಳಿದಳು: "ನಾನೂ ಒಂದ್ಸಲ ನೋಡ್ಬರ್ಲಾ ನಾಯ್ನಾ? ನನ್ನ ಗೌರಿ ಹಸು ಹುಟ್ಟಿದ ಸೀಮೆ."

"ಚಳಿ ಅಜ್ಜಿ. ಮೂಳೆ ಒಳಕ್ಕೆ ಇಳೀತದೆ."

"ಎರಡು ಕಂಬಳಿ ಹೊದ್ಕೋತೀನಿ."

"ಕಕ್ಕಸ್ಸಿನಾಗೆ ನೀರಿರಲ್ಲ. ಕಾಗದ ಇಟ್ಟಿರ್ತಾರೆ."

"ನಾನೇನು ಹುಟ್ಟಿದಾಗ್ಲೇ ನಲ್ಲಿ ನೋಡ್ದೋಳಾ? ಎಲೇನೋ ಕಲ್ಲೋ ಸಿಕ್ತದೆ, ಹೋಗ್ಲಾ!"

ಕಾಂತರಾಜ ಬೆವರಿದ. ಇವಳು ಹೊರಟೇಬಿಡುತ್ತಾಳೆ. ಆಗ ದೇವರೇ ಬುದ್ಧಿ ಕೊಟ್ಟ.

"ಅದೆಲ್ಲಾ ಇರ್ಲಿ ಅಜ್ಜಿ. ಅಲ್ಲಿ ಯಾರೂ ಮಾತಾಡ್ಸಲ್ಲ."

ಎಲೆ ಮಡಿಸುತ್ತಿದ್ದ ಬೆರಳುಗಳು ನಿಂತವು. "ಅಂದ್ರೆ?"

"ಪಕ್ಕದಾಗೇ ಕೂತಿದ್ರೂ ಯಾವೂರು, ಏನು ಅಡಿಗೆ, ಮಕ್ಕಳೆಷ್ಟು ಏನೂ ಕೇಳಲ್ಲ. ನಾವಾಗೇ ಕೇಳಿದ್ರೆ ಎದ್ದು ಬೇರೆ ಸೀಟಿಗೆ ಹೋಗ್ತಾರೆ."

"ಓರಿ ದೇವುಡಾ! ಅಷ್ಟು ದಿನ ಬಾಯಿ ಹೊಲ್ಕೊಂಡು ಇದ್ದಾ?" ಮುನಿಶಾಮಮ್ಮ ಅವನ ಗಲ್ಲ ಸವರಿ, ಕಣ್ಣಲ್ಲಿ ನೀರು ತಂದುಕೊಂಡು ಎದ್ದಳು. ಎಲೆಯಡಿಕೆ ಅಲ್ಲೇ ಉಳಿಯಿತು.

ಬಿಸಿಲೇರುವಾಗ ಕೋದಂಡರಾಮಪ್ಪನವರ ಬುಲೆಟ್ಟು ಬಂದು ಬಾಗಿಲಲ್ಲಿ ನಿಂತಿತು.

"ನಂಗಲ್ಲಪ್ಪಾ, ನಮ್ಮ ಕಡೆಯೋರು ಒಬ್ರು ಕೇಳ್ತಾವ್ರೆ," ಎಂದರು ಮೀಸೆ ತೀಡುತ್ತ. "ದೊಡ್ಡ ಮನುಷ್ಯರು ಹೋದ್ರೆ ಅಲ್ಲಿ ಮರ್ವಾದೆ ಎಂಗೆ?"

ಕಾಂತರಾಜನಿಗೆ ಯಾರೆಂದು ಗೊತ್ತಾಯಿತು. ಅವನು ದನಿ ತಗ್ಗಿಸಿದ. "ಅಣ್ಣಾ, ನಮ್ಮ ಪೆಟ್ಟಿಗೆ ನಾವೇ ಎಳೀಬೇಕು. ಉಂಡ ತಟ್ಟೆ ನಾವೇ ಎತ್ತಿ ತೊಳೀಬೇಕು."

"ಅಧ್ಯಕ್ಷರು ಅಂತ ಹೇಳಿದ್ರೂನಾ?"

"ಅಲ್ಲಿ ಮಂತ್ರಿಗಳೇ ಸೈಕಲ್ ತುಳೀತಾರೆ. ಒಬ್ಬನೂ ಎದ್ದು ನಿಲ್ಲಲ್ಲ."

ಕೋದಂಡರಾಮಪ್ಪನವರ ಮುಖ ಒಡೆದ ಹಾಲಿನಂತಾಯಿತು. "ನಮ್ಮ ಕಡೆಯೋರಿಗೆ ಹೇಳ್ತೀನಿ, ಬ್ಯಾಡ ಅಂತ," ಎಂದು ಹೊರಟೇಹೋದರು.

ಕಾಂತರಾಜ ಕೊಟ್ಟಿಗೆಗೆ ಹೋಗಿ ಹಸುವಿನ ಕೊರಳು ತಬ್ಬಿಕೊಂಡ. ಗೆದ್ದಿದ್ದ. ಅನಿತ ಅವನನ್ನು ಒಂದು ಗಳಿಗೆ ದಿಟ್ಟಿಸಿ, ಬುಟ್ಟಿ ಎತ್ತಿಕೊಂಡು ತಿಪ್ಪೆಗೆ ಹೋದಳು.

ಆದರೆ ಅವನು ಬಿಟ್ಟ ಮಾತುಗಳು ಊರೊಳಗೆ ಸುಮ್ಮನೆ ಕೂರಲಿಲ್ಲ. ಅರಳಿಕಟ್ಟೆ ಮುಟ್ಟುವಾಗ ಹಸಿ ಮೀನು ಜೀವಂತ ಮೀನಾಯಿತು. ಅಂಗಡಿ ಮುಟ್ಟುವಾಗ ಕಾಂತರಾಜ ದೇಶವೆಲ್ಲಾ ಅಲೆದು ಅವರಿವರ ತಟ್ಟೆ ತೊಳೆದಿದ್ದ. ಇವನು ಬಂದಾಗಿನಿಂದ ಹೊತ್ತಲ್ಲದ ಹೊತ್ತಲ್ಲಿ ಹಿಪ್ಪುನೇರಳೆ ತೋಟದ ಸುತ್ತ ತಿರುಗುವುದಕ್ಕೆ, ಸಾಲಿನಲ್ಲಿ ದೂರ ನಿಲ್ಲುವುದಕ್ಕೆ ಊರಿಗೆ ಈಗ ಕಾರಣ ಸಿಕ್ಕಿತ್ತು: ಪಾಪ, ಅಲ್ಲಿ ಪಟ್ಟ ಪಾಡು.

ಮಧ್ಯಾಹ್ನ ಶಿವಶಂಕರನ ಹೆಂಡತಿ ಹುರುಳಿಕಾಳಿನ ಸಾರು, ಮುದ್ದೆ ತಂದು ಎದುರು ಕೂತು ತಿನ್ನಿಸಿದಳು. ಅದು ಇಳಿಯುವ ಮೊದಲೇ ಎದುರು ಮನೆಯಿಂದ ಮಸೊಪ್ಪು ಬಂತು. ಬೇಡ ಅಂದರೆ, "ಬ್ಯಾಡ ಅನ್ನೋದು ಅಲ್ಲಿ ಕಲ್ತು ಬಂದವ್ನೆ ಪಾಪ" ಎಂದು ಇನ್ನೊಂದು ಮುದ್ದೆ ಬಿತ್ತು. ಮುನಿಶಾಮಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಉಪ್ಪು ಚಟಪಟ ಸಿಡಿಯಿತು, ಘಾಟಿಗೆ ಇಡೀ ಮನೆ ಕೆಮ್ಮಿತು. "ಎಷ್ಟು ದೃಷ್ಟಿ ತಗುಲೈತೆ ನೋಡು!" ಎಂದಳು ಅವಳೂ ಕೆಮ್ಮುತ್ತ.

ಕಾಂತರಾಜ ಎಲ್ಲವನ್ನೂ ಸಹಿಸಿಕೊಂಡ. ಸಂಜೆಯವರೆಗೆ ತಾನೆ.

ಸಂಜೆ ಡೇರಿಯ ಮುಂದೆ ಊರೇ ಸೇರಿತ್ತು. "ಹೆಸರು ಕೊಡೋರು ಯಾರು?" ಎಂದು ಅಧ್ಯಕ್ಷರು ಕೇಳಿದರು. ಒಂದು ಕೈಯೂ ಏಳಲಿಲ್ಲ. ಕಾಂತರಾಜ ತುಂಬಿದ ಹೊಟ್ಟೆಯನ್ನು ಹೊತ್ತುಕೊಂಡು ಎದ್ದ. ಮುಖದಲ್ಲಿ ತ್ಯಾಗದ ಕಳೆ ತಂದುಕೊಂಡ.

"ಯಾರೂ ಇಲ್ಲ ಅಂದ್ರೆ ಊರಿನ ಮಾನ ಏನಾಗ್ಬೇಕು? ನನ್ನ ಕಷ್ಟ ನನಗಿರ್ಲಿ. ನಾನೇ ಹೋಗ್ತೀನಿ."

ಗುಂಪಿನೊಳಗೆ ಯಾರೋ ಬಿಕ್ಕಿದರು. ಕೋದಂಡರಾಮಪ್ಪ ಹತ್ತಿರ ಬಂದು ಅವನನ್ನು ಅಪ್ಪಿಕೊಂಡರು.

"ಇಂಥ ಬಂಗಾರದಂಥ ಮನುಷ್ಯನ್ನ ಇನ್ನೊಂದ್ಸಲ ಆ ಹಾಳು ಸೀಮೆಗೆ ದೂಡಿದ್ರೆ ನಾವು ಮನುಷ್ಯರೇನ್ರೋ?" ಎಂದು ಕೂಗಿದರು. "ಕಾಂತರಾಜನ್ನ ಇನ್ಮೇಲೆ ಎಲ್ಲಿಗೂ ಕಳಿಸ್ಬಾರ್ದು. ಏನಂತೀರಿ?"

"ಕಳಿಸ್ಬಾರ್ದು!" ಎಂದಿತು ಊರು.

"ಇಲ್ಲಣ್ಣಾ, ನಂಗೇನೂ ತೊಂದ್ರೆ ಇಲ್ಲ, ಹೋಗ್ತೀನಿ, ಖುಷಿಯಾಗೇ ಹೋಗ್ತೀನಿ..."

"ನೋಡಿ, ನೋಡಿ! ಇನ್ನೂ ಹೆಂಗೆ ಮುಚ್ಚಿಟ್ಕೋತಾನೆ!" ಎಂದು ಮುನಿಶಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಹೆಂಗಸರ ಸಾಲಿನಿಂದ ಒಂದು ಕೈ ಮೇಲೆದ್ದಿತು. ಬಳೆಗಳಿಗೆ ಇನ್ನೂ ಸಗಣಿ ಮೆತ್ತಿತ್ತು.

"ನನ್ನ ಹೆಸರು ಬರ್ಕೊಳ್ಳಿ," ಎಂದಳು ಅನಿತ.

ಕಾಂತರಾಜ ತಿರುಗಿದ. "ಏಯ್! ಅಲ್ಲಿ ಮುದ್ದೆ ಸಿಗಲ್ಲ!"

"ಒಲೆ ಮುಂದೆ ತೊಳಸೋ ಕೆಲ್ಸನೂ ಇರಲ್ಲ."

"ಯಾರೂ ಮಾತಾಡ್ಸಲ್ಲ!"

"ಅಷ್ಟು ದಿನ ಯಾರೂ ನನ್ನ ಕೂಗಲ್ವಾ? ನಿಜವಾಗ್ಲೂ?" ಅವಳ ಕಣ್ಣು ಅರಳಿದ್ದನ್ನು ಕಂಡು ಹೆಂಗಸರ ಸಾಲಿನಲ್ಲಿ ನಾಲ್ಕಾರು ಮಂದಿ ನಿಟ್ಟುಸಿರು ಬಿಟ್ಟರು.

"ಉಂಡ ತಟ್ಟೆ ತೊಳೀಬೇಕು ಕಣೇ!"

"ನಂದೊಂದೇ ತಾನೆ?"

ಅಧ್ಯಕ್ಷರು ಗುಂಪಿನ ಕಡೆ ತಿರುಗಿದರು. "ಗಂಡನ ಬದ್ಲು ತಾನು ಹೋಗ್ತೀನಿ ಅಂತಾಳಲ್ಲಪ್ಪಾ! ಬರ್ಕೊಳ್ರೋ ಹೆಸರು."

ಊರು ಚಪ್ಪಾಳೆ ತಟ್ಟಿತು. ಕಾಂತರಾಜನೂ ತಟ್ಟಬೇಕಾಯಿತು.

ಮನೆಗೆ ಬಂದು ಅನಿತ ಕಾಲು ತೊಳೆದುಕೊಂಡಳು. ಬಾಗಿಲು ಮುಂದೆ ಮಾಡಿ, ಅವನ ಪಕ್ಕ ಕೂತು ಮೆಲ್ಲಗೆ ಕೇಳಿದಳು: "ರೀ, ಆ ಮೀನು ಎಂಗಿತ್ತು?"

"ಬೆಣ್ಣೆ," ಎಂದುಬಿಟ್ಟ ಕಾಂತರಾಜ. ಆಮೇಲೆ ಬಾಯಿ ನಿಲ್ಲಲಿಲ್ಲ. ಯಾವ ಅಂಗಡಿ, ಯಾವ ಕಾಲುವೆ, ಯಾವ ದಂಡೆಯಲ್ಲಿ ನಡೆದರೆ ಹೊತ್ತು ಮುಳುಗುವುದು ಕಾಣುತ್ತದೆ, ಜರ್ಕಿನ್ ಯಾಕೆ ಬೇಕು, ಉಪ್ಪಿನಕಾಯಿ ಯಾಕೆ ಬೇಡ, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ಕಾಲ್ಬೆರಳುಗಳು ನೆಲದ ಮೇಲೆ ತಾವೇ ನಡೆಯತೊಡಗಿದವು. ಅನಿತ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಮದುವೆಯಾದಾಗಿನಿಂದ ಅವಳು ಅವನ ಮಾತನ್ನು ಇಷ್ಟು ಹೊತ್ತು ಕೇಳಿರಲಿಲ್ಲ.

"ನಾನು ಬರೋ ತನಕ ಹಸು ನೀವೇ ನೋಡ್ಕೋಬೇಕು," ಎಂದಳು ಕೊನೆಗೆ. "ಎಲ್ಲೂ ಹೋಗೋ ಹಂಗಿಲ್ಲ."

ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಮುನಿಶಾಮಮ್ಮ ಒಂದು ಕಂಕುಳಲ್ಲಿ ಚಾಪೆ, ಇನ್ನೊಂದರಲ್ಲಿ ಎಲೆಯಡಿಕೆ ಚೀಲ ಹಿಡಿದು ಒಳಗೆ ಬಂದಳು.

"ಅನಿತ ಹೋದ್ಮೇಲೆ ನಿನ್ನ ಒಬ್ಬನ್ನೇ ಬಿಡ್ಬಾರ್ದು ಅಂತ ಡೇರಿ ಮುಂದೆ ಮಾತಾಯ್ತು ನಾಯ್ನಾ. ಬೆಳಿಗ್ಗೆ ಅಧ್ಯಕ್ಷರು ಬರ್ತಾರೆ, ಮಧ್ಯಾಹ್ನ ಶಿವಶಂಕರ, ಸಂಜೆಗೆಲ್ಲಾ ನಾನು. ಅಭ್ಯಾಸ ಆಗ್ಲಿ ಅಂತ ಇವತ್ತಿನಿಂದ್ಲೇ ಬಂದೆ."

ಅವಳು ಚಾಪೆ ಹಾಸಿ, ಕಾಲು ನೀಡಿ, ಗೋಡೆಗೆ ಒರಗಿದಳು. ಕಾಂತರಾಜ ಏನೋ ಹೇಳಲು ಬಾಯಿ ತೆರೆದ.

"ನೀನು ಸುಸ್ತಾಗಿದ್ದೀಯ, ಮಾತಾಡ್ಬ್ಯಾಡ," ಎಂದಳು ಮುನಿಶಾಮಮ್ಮ. "ನಾನೇ ಮಾತಾಡ್ತೀನಿ."