ಬಾವಿಗೆ ಬಿದ್ದ ಚೆಂಬು

ಅಯ್ಯಾವು ಅವರ ಆ ದಿನದ ಫಜೀತಿಗೆಲ್ಲ ಮೂಲ ತಮಿಳರಸಿಯ ಅಂಗಾಲು. ಚಪ್ಪರದ ಕೆಳಗೆ ಪನ್ನೀರ್ ದ್ರಾಕ್ಷಿಯ ಗೊಂಚಲು ಕೊಯ್ಯುತ್ತಿದ್ದಾಗ ಆಕೆಯ ಕಾಲಿಗೆ ಬ್ರಾಂದಿ ಬಾಟಲಿಯ ಚೂರು ಚುಚ್ಚಿತು. ತಮಿಳರಸಿ ಕೂಲಿ ಹೆಂಗಸರಿಗೆಲ್ಲ ಮುಂದಾಳು. ಅವಳು ಕುಂಟಿದರೆ ಗುಂಪೆಲ್ಲ ಕೂತುಬಿಡುತ್ತದೆ. ಕೂತೇಬಿಟ್ಟಿತು. ಹಣ್ಣು ಚಪ್ಪರದಲ್ಲೇ ನೇತಾಡಿಕೊಂಡು ಉಳಿಯಿತು.

ತಮಿಳು ಸೀಮೆಯ ಕಾಮಯಗೌಂಡನ್‌ಪಟ್ಟಿಯಲ್ಲಿ ಅಯ್ಯಾವು ಅವರ ತೋಟ ಇರುವುದು ಬ್ರಾಂದಿ ಅಂಗಡಿಯ ದಾರಿಯಲ್ಲಿ. ತೋಟ ಅವರ ಅಜ್ಜನ ಕಾಲದ್ದು, ಅಂಗಡಿ ಮೊನ್ನೆ ಮೊನ್ನೆ ಬಂದದ್ದು. ಆದರೆ ಕುಡಿದವರಿಗೆ ಈ ಹಿರಿತನವನ್ನು ಯಾರು ವಿವರಿಸಬೇಕು? ಬೇವಿನ ಮರದಡಿ ಕೂತು ಕುಡಿಯುತ್ತಾರೆ, ಖಾಲಿ ಬಾಟಲಿಯನ್ನು ಬೇಲಿಯಾಚೆ ಎಸೆಯುತ್ತಾರೆ, ಹಗುರಾಗಿ ಮನೆಗೆ ಹೋಗುತ್ತಾರೆ.

ಇದಕ್ಕೆ ಸರಕಾರ ಒಂದು ಉಪಾಯ ಹುಡುಕಿತ್ತು. ಬಾಟಲಿ ಕೊಳ್ಳುವಾಗ ಹತ್ತು ರೂಪಾಯಿ ಹೆಚ್ಚಿಗೆ ಕೊಡಬೇಕು, ಖಾಲಿ ಬಾಟಲಿ ಹಿಂದಿರುಗಿಸಿದರೆ ಆ ಹತ್ತು ವಾಪಸು. ಈ ಊರಿಗೂ ಅದು ಬೇಕೋ ಬೇಡವೋ ಎಂದು ಮಾತಾಡಲು ಅಂದು ಮಧ್ಯಾಹ್ನ ಚಾವಡಿಯಲ್ಲಿ ಸಭೆ. ತಮಿಳರಸಿ ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಲೇ ಅಪ್ಪಣೆ ಮಾಡಿದಳು.

"ಅಣ್ಣೇ, ನೀವು ಎದ್ದು ಮಾತಾಡ್ಬೇಕು. ಆ ಕಾಲದಾಗ ಸೋಡಾ ಬಾಟ್ಲಿ ಹೆಂಗೆ ತಪ್ಪದಂಗೆ ವಾಪಸ್ ಹೋಗ್ತಿತ್ತು ಅಂತ ಹೇಳ್ಬೇಕು. ಸೋಡಾ ಮಾಯಾಂಡಿ ತಾತನೂ ಬತ್ತಾರೆ."

ಮಾಯಾಂಡಿಯ ಹೆಸರು ಕೇಳಿದ್ದೇ ಅಯ್ಯಾವು ಅವರ ಮುಖ ಬಾಡಿತು. ಅದಕ್ಕೆ ಕಾರಣವಿದೆ, ಮತ್ತು ಆ ಕಾರಣ ಅವರ ಮದುವೆಯಷ್ಟೇ ಹಳೆಯದು.

ಆಗ ಕಂಬಂ ರಸ್ತೆಯಲ್ಲಿ ಮಾಯಾಂಡಿಯ ಗೋಲಿ ಸೋಡಾ ಅಂಗಡಿ ಇತ್ತು. ಹೆಬ್ಬೆರಳಿನಿಂದ ಗೋಲಿ ಒತ್ತಿದರೆ ಕೀಚ್ ಎಂದು ಒಂದು ಸದ್ದು, ಹಿಂದೆಯೇ ಮೂಗಿಗೆ ಏರುವ ಹೊಗೆ. ಆ ಸದ್ದು ಕೇಳಿ ಬೆಳೆದವರಿಗೆ ಈಗಿನ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತಿರುವುವುದು ಬರಿಯ ಕೈಕೆಲಸ. ಸೋಡಾಕ್ಕಿಂತ ಬಾಟಲಿಗೇ ಬೆಲೆ ಹೆಚ್ಚು. ಅಂಗಡಿಯಲ್ಲೇ ಕುಡಿದು ಅಲ್ಲೇ ಇಟ್ಟು ಹೋಗಬೇಕು. ಮನೆಗೆ ಬೇಕೆಂದರೆ ಏನಾದರೂ ಒತ್ತೆ ಇಡಬೇಕು. ಲೋಟ, ಕೊಡೆ, ಚಪ್ಪಲಿ, ಮಾಯಾಂಡಿಗೆ ಯಾವುದಾದರೂ ಸರಿ. ಕನ್ನಡಕ ಒತ್ತೆ ಇಟ್ಟ ಒಬ್ಬ ಮೇಷ್ಟ್ರು ಮನೆಯ ದಾರಿ ಕಾಣದೆ ತಡವರಿಸುತ್ತ ಅಂಗಡಿಗೇ ವಾಪಸು ಬಂದಿದ್ದರು.

ಮದುವೆಯ ಹೊಸತರಲ್ಲಿ ತೇವಾರಂನಿಂದ ಮಾವನ ಮನೆಯವರು ಊಟಕ್ಕೆ ಬಂದರು. ಅವರಿಗೆ ಸೋಡಾ ಕೊಡಬೇಕೆಂಬ ಉತ್ಸಾಹದಲ್ಲಿ ಅಯ್ಯಾವು ಕೈಗೆ ಸಿಕ್ಕ ಹಿತ್ತಾಳೆ ಚೆಂಬನ್ನು ಒಯ್ದು ಒತ್ತೆ ಇಟ್ಟರು. ಅದು ಹೆಂಡತಿ ವಳ್ಳಿಯಮ್ಮನಿಗೆ ಆಕೆಯ ತಾಯಿ ಕೊಟ್ಟ ಚೆಂಬು. ಸಂಜೆಗೆ ವಾಪಸು ತರುವುದಿತ್ತು. ಆದರೆ ಭಾವಮೈದ ಮುತ್ತುಕುಮಾರ್ ಸೋಡಾ ಕುಡಿಯುತ್ತ ತೋಟ ನೋಡಲು ಹೋದವನು ಬರಿಗೈಯಲ್ಲಿ ಬಂದ. ಬಾಟಲಿ ಎಲ್ಲಿ ಎಂದರೆ ಯಾವ ಬಾಟಲಿ ಎಂದ.

ಒಂದು ಬಾಟಲಿ ಕಡಿಮೆ. ಮಾಯಾಂಡಿ ದುಡ್ಡು ಮುಟ್ಟಲಿಲ್ಲ. ಗಾಜಿನಲ್ಲೇ 'ಮಾ' ಎಂದು ಅಕ್ಷರ ಕೂರಿಸಿದ ತನ್ನ ಬಾಟಲಿಯೇ ಬೇಕು, ಬಾಟಲಿ ಬಂದರೆ ಒತ್ತೆ ಹೋಗುತ್ತದೆ ಎಂದು ಹಟ ಹಿಡಿದರು. ಅಂದು ಸಂಜೆ ವಳ್ಳಿಯಮ್ಮ ಚೆಂಬು ಹುಡುಕತೊಡಗಿದಾಗ, ನಿನ್ನ ತಾಯಿಯ ಚೆಂಬು ಸೋಡಾ ಅಂಗಡಿಯಲ್ಲಿದೆ, ನಿನ್ನ ತಮ್ಮನೇ ಅದಕ್ಕೆ ಕಾರಣ ಎಂದು ಹೇಳಲು ಹೊಸ ಗಂಡನಿಗೆ ಬಾಯಿ ಬರಲಿಲ್ಲ. ಬಾವಿಗೆ ಬಿತ್ತು ಎಂದುಬಿಟ್ಟರು.

ಆ ಸುಳ್ಳಿಗೆ ಬಾವಿ ಸುಮ್ಮನಿರಲಿಲ್ಲ. ಅದೇ ವಾರ ಅವರ ಟ್ರಾನ್ಸಿಸ್ಟರ್ ನಿಜವಾಗಿಯೂ ಬಾವಿಗೆ ಬಿತ್ತು. ಮೊದಲ ದ್ರಾಕ್ಷಿ ಫಸಲಿನ ದುಡ್ಡಿನಲ್ಲಿ ಕೊಂಡದ್ದು, ಚರ್ಮದ ಕವಚ ತೊಟ್ಟದ್ದು. ಸಂಜೆಯಾದರೆ ಅದನ್ನು ಕಿವಿಗೆ ಹಚ್ಚಿಕೊಂಡು ಸಿಲೋನ್ ಹಾಡು ಕೇಳುತ್ತ ಜಗಲಿಯಲ್ಲಿ ಕೂರುತ್ತಿದ್ದರು, ಊಟಕ್ಕೆ ಕರೆದರೂ ಕೇಳುತ್ತಿರಲಿಲ್ಲ. ಬಟ್ಟೆ ಒಗೆಯುವಾಗ ಕಟ್ಟೆಯ ಮೇಲಿಟ್ಟಿದ್ದೆ, ಜಾರಿತು ಎಂದು ವಳ್ಳಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಯ್ಯಾವು ಹೆಂಡತಿಯನ್ನು ಬೈಯಲಿಲ್ಲ. ಬಾವಿಯ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಬಾವಿ ಬಡ್ಡಿ ಸಮೇತ ವಸೂಲು ಮಾಡಿತು ಎಂದು ನಡುಗಿಬಿಟ್ಟರು. ಇನ್ನು ಜೀವಮಾನದಲ್ಲಿ ಸುಳ್ಳಾಡುವುದಿಲ್ಲ ಎಂದು ಆ ಕಟ್ಟೆ ಮುಟ್ಟಿ ಆಣೆ ಮಾಡಿದರು.

ಅಂದಿನಿಂದ ಪ್ರತಿ ಬೇಸಿಗೆ, ನೀರು ಇಳಿದಾಗ, ಹಗ್ಗಕ್ಕೆ ಪಾತಾಳಗರಡಿ ಕಟ್ಟಿ ಅದರ ಕೊಕ್ಕೆಗಳನ್ನು ಬಾವಿಯ ತಳದಲ್ಲಿ ಆಡಿಸುವುದು ಅವರ ವ್ರತ. ವಳ್ಳಿಯಮ್ಮ ಕಟ್ಟೆಯ ಮೇಲೆ ಕೂತು ಮೊಚ್ಚೆ ಅವರೆಕಾಯಿ ಬಿಡಿಸುತ್ತ, ಇನ್ನೂ ಸ್ವಲ್ಪ ಎಡಕ್ಕೆ ಎಂದು ದಾರಿ ತೋರುತ್ತಿದ್ದರು. ಅಕ್ಕಪಕ್ಕದ ಮನೆಯ ಬಿಂದಿಗೆಗಳೆಲ್ಲ ಮೇಲೆ ಬಂದವು, ರೇಡಿಯೋ ಬರಲಿಲ್ಲ. ನಡುನಡುವೆ ತಾಯಿಯ ಚೆಂಬು ನೆನಪಾದರೆ ಆಕೆ ಎರಡು ದಿನ ಮಾತು ಬಿಡುತ್ತಿದ್ದರು. ಅಯ್ಯಾವು ತಲೆ ತಗ್ಗಿಸಿಕೊಂಡು ತಾವೇ ಕಾಫಿ ಕಾಸಿಕೊಳ್ಳುತ್ತಿದ್ದರು. ಈಗ ಈ ವಯಸ್ಸಿನಲ್ಲಿ, ತುಂಬಿದ ಚಾವಡಿಯಲ್ಲಿ, ಆ ಮಾಯಾಂಡಿ ಬಾಯಿ ತೆರೆದರೆ?

ಇದನ್ನೇ ಯೋಚಿಸುತ್ತ ಅವರು ಗೋಣಿಚೀಲ ಹಿಡಿದು ತಾವೇ ಗಾಜು ಆಯತೊಡಗಿದರು. ಕಾಲುವೆಯ ಬದಿಯಲ್ಲಿ ಗುದ್ದಲಿ ಆಡಿಸಿದಾಗ ಟಣ್ ಎಂದಿತು. ಮಣ್ಣು ಸರಿಸಿದರೆ ತಿಳಿಹಸಿರು ಗಾಜು, ಹಿಸುಕಿದಂಥ ಕುತ್ತಿಗೆ, ಹೊಟ್ಟೆಯ ಮೇಲೆ 'ಮಾ'. ಸಣ್ಣ ಬಿರುಕೂ ಇರಲಿಲ್ಲ. ತೊಳೆದು ಅಲ್ಲಾಡಿಸಿದರೆ ಒಳಗೆ ಗೋಲಿ ಉರುಳಿ ಅದೇ ಹಳೆಯ ಸದ್ದು ಮಾಡಿತು. ಮಾವ, ಅತ್ತೆ, ಆ ದಿನದ ಬಾಳೆಲೆ ಎಲ್ಲ ಕಣ್ಣ ಮುಂದೆ ಬಂದವು. ಮುತ್ತುಕುಮಾರನೂ ಬಂದ, ಅವನನ್ನು ಮಾತ್ರ ಮನಸ್ಸಿನಲ್ಲೇ ಬೈದರು.

ಕೂಡಲೇ ಉಪಾಯ ಹೊಳೆಯಿತು. ಮಾಯಾಂಡಿ ಈಗ ಚಿನ್ನಮನೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಅವರು ಸಭೆಗೆ ಹೊರಡುವ ಮುಂಚೆ ಹೋಗಿ ಬಾಟಲಿ ಕೊಟ್ಟು ಚೆಂಬು ತರುವುದು. ಗುಟ್ಟಾಗಿ ಅದನ್ನು ಬಾವಿಗೆ ಇಳಿಸುವುದು. ಆಮೇಲೆ ವಳ್ಳಿಯಮ್ಮನ ಎದುರಿಗೇ ಪಾತಾಳಗರಡಿಯಿಂದ ಎತ್ತುವುದು. ಎತ್ತುವಾಗ ಮುಖದಲ್ಲಿ ಎಷ್ಟು ಆಶ್ಚರ್ಯ ಇರಬೇಕೆಂಬುದನ್ನೂ ಕಾಲುವೆಯ ನೀರಿನಲ್ಲಿ ನೋಡಿಕೊಂಡರು. ಬಾಯಿಂದ ಏನೂ ಹೇಳದಿದ್ದರೆ ಆಣೆಗೂ ಭಂಗವಿಲ್ಲ.

ಸೋಡಾ ಬಾಟಲಿ ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಅದನ್ನು ಟವೆಲ್ಲಿನಲ್ಲಿ ಸುತ್ತಿ, ಆಯ್ದಿಟ್ಟ ಬ್ರಾಂದಿ ಬಾಟಲಿಗಳ ನಡುವೆ ಹುದುಗಿಸಿ, ಚೀಲ ಹೆಗಲಿಗೇರಿಸಿ ಹೊರಟರು. ಬೀದಿ ತಿರುವಿನಲ್ಲೇ ಎದುರುಮನೆಯ ಕಂದಸಾಮಿ ಸಿಕ್ಕಿದ. ಬ್ರಾಂದಿ ಅಂಗಡಿಯ ಪಕ್ಕ ಸುಂಡಲ್, ಅಂದರೆ ಕಡಲೆ ಉಸಲಿ, ಮಾರುವವನು. ಗಿರಾಕಿಗಳ ಹತ್ತು ರೂಪಾಯಿ ಬಾಟಲಿಗೆ ಹೋದರೆ ಸುಂಡಲ್‌ಗೆ ಎಲ್ಲಿ ಉಳಿಯುತ್ತದೆ ಎಂಬುದು ಅವನ ಚಿಂತೆ. ಚೀಲದ ಟಿಣಿಟಿಣಿ ಕೇಳಿ ಗಾಡಿ ನಿಲ್ಲಿಸಿದ.

"ಏನಣ್ಣೇ, ಇಷ್ಟೂ ನಿಮ್ಮದೇನಾ?"

ಸುಳ್ಳು ಹೇಳುವಂತಿಲ್ಲ. ಅಯ್ಯಾವು ಯೋಚಿಸಿ ನಿಜವನ್ನೇ ಹೇಳಿದರು.

"ಇಲ್ಲ ತಂಬಿ. ಇದ್ರಾಗ ಒಂದೇ ಒಂದು ನನ್ದು. ವಳ್ಳಿ ಕೂಡೆ ಹೇಳ್ಬೇಡ."

ಕಂದಸಾಮಿ ಬಹಳ ಕರುಣೆಯಿಂದ ಅವರನ್ನು ಬಸ್ ನಿಲ್ದಾಣಕ್ಕೆ ಬಿಟ್ಟ. ಅಷ್ಟೇ ಕರುಣೆಯಿಂದ ನೇರ ವಳ್ಳಿಯಮ್ಮನ ಹತ್ತಿರ ಹೋದ.

ಬಸ್ಸಿನಲ್ಲಿ ಪ್ರತಿ ಗುಂಡಿಗೂ ಚೀಲ ಮಾತಾಡಿತು. ಒಬ್ಬ ತಾಯಿ ಮಗುವನ್ನು ಎಳೆದುಕೊಂಡು ಮುಂದಿನ ಸೀಟಿಗೆ ಹೋದಳು. ಕಂಡಕ್ಟರ್ ಟಿಕೆಟ್ ಕೊಡುತ್ತ, ಈ ವಯಸ್ಸಿನಲ್ಲಿ ಲಿವರ್ ನೋಡಿಕೊಳ್ಳಬೇಕು ಎಂದು ತಮಿಳಿನಲ್ಲಿ ಬುದ್ಧಿ ಹೇಳಿದ. ಪಕ್ಕದಲ್ಲಿ ಕೂತ ಒಬ್ಬ ಮಾತ್ರ ಬಹಳ ಗೌರವ ತೋರಿಸಿ, ಚಿನ್ನಮನೂರು ಬರುವ ತನಕ ಅವರ ಭುಜದ ಮೇಲೆ ಮಲಗಿದ.

ಮಾಯಾಂಡಿಯ ಮನೆಯಲ್ಲಿ ಸೊಸೆ ಸರಣ್ಯಾ ಬಾಗಿಲಲ್ಲಿ ನಿಂತಿದ್ದಳು. ಮಾವ ಬೆಳಿಗ್ಗೆಯೇ ಕಾಮಯಗೌಂಡನ್‌ಪಟ್ಟಿಗೆ ಹೊರಟರಂತೆ. ಅಟ್ಟದ ಮೇಲಿದ್ದ ಯಾವುದೋ ಹಳೆಯ ಒತ್ತೆಯ ಸಾಮಾನನ್ನೂ ಸಭೆಯಲ್ಲಿ ತೋರಿಸಬೇಕೆಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋದರಂತೆ. ಅವಳು ಕೊಟ್ಟ ನೀರನ್ನೂ ಕುಡಿಯದೆ ಅಯ್ಯಾವು ಬಂದ ದಾರಿಗೇ ತಿರುಗಿದರು. ವಳ್ಳಿಯಮ್ಮ ಇಷ್ಟರಲ್ಲಿ ಮೊದಲ ಸಾಲಿನಲ್ಲಿ ಕೂತಿರುತ್ತಾರೆ. ಊರೆದುರಿಗೆ ಆ ಚೆಂಬು ಹೊರಬಂದರೆ ಮುಗಿಯಿತು.

ಅವರು ಏದುಸಿರು ಬಿಡುತ್ತ ಚಾವಡಿ ಮುಟ್ಟಿದಾಗ ಚರ್ಚೆ ಕಾವೇರಿತ್ತು. ಸಭೆ ನಡೆಯುತ್ತಿದ್ದದ್ದು ತಮಿಳಿನಲ್ಲಿ, ಆದರೆ ಸಿಟ್ಟು ಬಂದಾಗ ನಮ್ಮವರಿಗೆಲ್ಲ ಮನೆಮಾತಾದ ಕನ್ನಡವೇ ಬಾಯಿಗೆ ಬರುತ್ತಿತ್ತು. ಬ್ರಾಂದಿ ಅಂಗಡಿಯ ಸೇಲ್ಸ್‌ಮನ್, ನಾರುವ ಬಾಟಲಿ ರಾಶಿ ಹಾಕಲು ತನ್ನಲ್ಲಿ ಜಾಗವಿಲ್ಲ ಎಂದ. ಕುಡಿದವನು ತನ್ನನ್ನು ತಾನು ಮನೆಗೆ ಹೊತ್ತುಕೊಂಡು ಹೋಗುವುದೇ ಕಷ್ಟ, ಬಾಟಲಿಯನ್ನೂ ಹೊರಬೇಕೇ ಎಂದು ಇನ್ನೊಬ್ಬ ಕೇಳಿದ. ತಮಿಳರಸಿ ಬಟ್ಟೆ ಸುತ್ತಿದ ಕಾಲನ್ನು ಬೆಂಚಿನ ಮೇಲಿಟ್ಟಳು. ತಾಲೂಕಿನಿಂದ ಬಂದ ಅಧಿಕಾರಿ, ಊರಿನವರು ಜಾಗ ಕೊಟ್ಟರೆ ಬೇಗನೆ ಶುರು ಮಾಡಬಹುದು ಎಂದರು.

ಚೀಲದ ಸದ್ದಿಗೆ ಎಲ್ಲರೂ ತಿರುಗಿದರು. ಕಂದಸಾಮಿ ಆಗಲೇ ಸುದ್ದಿ ಹಂಚಿದ್ದ. ಮೊದಲ ಸಾಲಿನಿಂದ ವಳ್ಳಿಯಮ್ಮ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಅಯ್ಯಾವು ಬಾಯಿ ತೆರೆಯುವಷ್ಟರಲ್ಲಿ ಮಾಯಾಂಡಿ ಕೋಲೂರಿ ಎದ್ದರು. ಹಳೆಯ ಒತ್ತೆಯ ಪದ್ಧತಿ ಎಷ್ಟು ಗಟ್ಟಿ ಎನ್ನುವುದಕ್ಕೆ ಸಾಕ್ಷಿ ತಂದಿದ್ದೇನೆ, ಬಾರದೆ ಹೋದ ಒಂದು ಬಾಟಲಿಗಾಗಿ ಇಷ್ಟು ವರ್ಷ ಇದನ್ನು ಜೋಪಾನ ಮಾಡಿದ್ದೇನೆ ಎಂದು ಬಟ್ಟೆಯ ಚೀಲಕ್ಕೆ ಕೈ ಹಾಕಿದರು.

ಇನ್ನು ತಡಮಾಡುವಂತಿರಲಿಲ್ಲ. ಅಯ್ಯಾವು ಓಡಿ ಹೋಗಿ, ಟವೆಲ್ ಬಿಚ್ಚಿ, ಸೋಡಾ ಬಾಟಲಿಯನ್ನು ಅವರ ಕೈಗಿಟ್ಟರು. "ತಾತಾ, ಬಾಟ್ಲಿ ಬಂತು. ತಪ್ಪೆಲ್ಲಾ ನನ್ದು. ವಳ್ಳಿ, ಚೆಂಬು ಬಾವಿಗೆ ಬೀಳ್ಲಿಲ್ಲ, ನಾನೇ ಒತ್ತೆ ಇಟ್ಟಿದ್ದೆ."

ಮಾಯಾಂಡಿ ಬಾಟಲಿಯನ್ನು ಬೆಳಕಿಗೆ ಹಿಡಿದು 'ಮಾ' ನೋಡಿ, ಕಿವಿಯ ಹತ್ತಿರ ಗೋಲಿ ಆಡಿಸಿದರು. ಅವರ ಕಣ್ಣು ಒದ್ದೆಯಾಯಿತು. ತೃಪ್ತಿಯಿಂದ ತಲೆದೂಗಿ ಚೀಲದಿಂದ ಒತ್ತೆಯನ್ನು ತೆಗೆದು ಅಯ್ಯಾವು ಅವರ ಕೈಯಲ್ಲಿಟ್ಟರು.

ಅದು ಚೆಂಬಾಗಿರಲಿಲ್ಲ. ಚರ್ಮದ ಕವಚದ ಟ್ರಾನ್ಸಿಸ್ಟರ್.

"ಇದು ಬಾವ್ಯಾಗ ಐತಲ್ಲ," ಎಂದರು ಅಯ್ಯಾವು.

ಮಾಯಾಂಡಿ ವಿವರಿಸಿದರು. ಚೆಂಬು ಇಟ್ಟ ವಾರದೊಳಗೇ ವಳ್ಳಿಯಮ್ಮ ಅಂಗಡಿಗೆ ಬಂದಿದ್ದರು. ಅದರ ಬದಲಿಗೆ ಈ ರೇಡಿಯೋ ಇಟ್ಟುಕೊಳ್ಳಿ ಎಂದು ಚೆಂಬು ಬಿಡಿಸಿಕೊಂಡು ಹೋಗಿದ್ದರು. ಅಯ್ಯಾವು ಹೆಂಡತಿಯ ಕಡೆ ತಿರುಗಿದರು. ವಳ್ಳಿಯಮ್ಮ ನಿಧಾನವಾಗಿ ಎದ್ದು ಸೆರಗು ಸರಿಮಾಡಿಕೊಂಡರು.

"ಚೆಂಬು ಬಾವಿಗೆ ಬಿತ್ತು ಅಂದ್ರಿ ಮಾಮಾ. ನಾನೂ ಅದೇ ಬಾವಿ ಮ್ಯಾಲೆ ಹಾಕ್ದೆ."

ಚಾವಡಿ ನಕ್ಕ ನಗೆಗೆ ಮಾಡಿನ ಪಾರಿವಾಳಗಳೆಲ್ಲ ಹಾರಿದವು. ವಿರೋಧಿಸಲು ಬಂದವರೂ ನಗುತ್ತ ನಗುತ್ತ ಒಪ್ಪಿಗೆ ಕೊಟ್ಟರು. ಜಾಗದ ಪ್ರಶ್ನೆ ಬಂದಾಗ ಅಧಿಕಾರಿಯೇ ಎದ್ದು, ಇಷ್ಟು ವರ್ಷದ ಮೇಲೂ ಮರೆಯದೆ ಬಾಟಲಿ ಹಿಂದಿರುಗಿಸಿದ ಪ್ರಾಮಾಣಿಕರು ಈ ಸುತ್ತಿನಲ್ಲಿ ಇನ್ನೊಬ್ಬರಿಲ್ಲ, ಅವರ ತೋಟವೂ ಅಂಗಡಿಯ ದಾರಿಯಲ್ಲೇ ಇದೆ ಎಂದರು. ಅಯ್ಯಾವು ರೇಡಿಯೋದ ಗುಂಡಿ ತಿರುಗಿಸುತ್ತ ಮೈಮರೆತಿದ್ದಾಗ, ಊರಿನ ಖಾಲಿ ಬಾಟಲಿಗಳನ್ನೆಲ್ಲ ಅವರ ತೋಟದ ಕೊಟ್ಟಿಗೆಯಲ್ಲಿ ಕೂಡಿಡುವುದೆಂದು ಕೈಯೆತ್ತಿ ತೀರ್ಮಾನ ಮಾಡಿಬಿಟ್ಟರು.

ಸಂಜೆ ಇಬ್ಬರೂ ತೋಟದ ಕೊಟ್ಟಿಗೆಯ ಜಗಲಿಯಲ್ಲಿ ಕೂತಿದ್ದರು. ರೇಡಿಯೋ ಸತ್ತೇ ಹೋಗಿತ್ತು. ಹಾಗಾದರೆ ಚೆಂಬು ಎಲ್ಲಿ ಎಂದು ಅಯ್ಯಾವು ಕೇಳಿದರು. ದಿಂಡಿಗಲ್‌ನಲ್ಲಿ ಮಗಳ ಮನೆಗೆ ಹೋದಾಗೆಲ್ಲ ನೀವು ನೀರು ಕುಡಿಯುವುದು ಅದರಲ್ಲೇ ಎಂದು ಉತ್ತರ ಬಂತು. ಆ ಚೆಂಬನ್ನು ಕಂಡಾಗೆಲ್ಲ ಪಾಪಪ್ರಜ್ಞೆಯಿಂದ ಅವರ ಗಂಟಲಲ್ಲಿ ನೀರು ಇಳಿಯುತ್ತಿರಲಿಲ್ಲ. ಬೀಗರ ಮನೆಯವರದ್ದೂ ಅಂಥದೇ ಇದೆಯಲ್ಲ ಎಂದು ಹೊಟ್ಟೆಕಿಚ್ಚೂ ಪಟ್ಟಿದ್ದರು.

"ನಾನು ಸುಳ್ಳಾಡ್ದೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

"ಚೆಂಬು ಬಿತ್ತು ಅಂದೋರು ಗರಡಿ ಇಳಿಸ್ಲೇ ಇಲ್ಲ. ಒತ್ತೆ ಇಲ್ದೆ ಸೋಡಾ ಮನೆಗೆ ಬರಲ್ಲ ಅಂತ ಊರಿಗೇ ಗೊತ್ತು. ಆಮೇಲೆ ರೇಡಿಯೋ ಬಿತ್ತು ಅಂದ್ ಕೂಡ್ಲೆ ಮಾತ್ರ ಇಳಿಸಿದ್ರಿ." ವಳ್ಳಿಯಮ್ಮ ಸೆರಗಿನಿಂದ ರೇಡಿಯೋದ ಧೂಳು ಒರೆಸಿದರು. "ಬಾಟ್ಲಿ ಹುಡುಕಿ ರೇಡಿಯೋ ಬಿಡಿಸ್ಕೊಡೋಣ ಅಂತಲೇ ಇದ್ದೆ. ಆಮೇಲೆ ಮನಸ್ ಬರ್ಲಿಲ್ಲ. ಅದು ಹೋದ್ ಮ್ಯಾಲೆ ತಾನೆ, ಸಾಯಂಕಾಲ ನೀವು ನನ್ ಕೂಡ ಮಾತಾಡೋಕೆ ಸುರು ಮಾಡಿದ್ದು."

ಅಯ್ಯಾವು ಅವರಿಗೆ ಎದೆ ತುಂಬಿ ಬಂತು. ಅಷ್ಟು ಬೇಸಿಗೆಗಳಲ್ಲಿ ಬಾವಿಯ ಕಟ್ಟೆಯ ಮೇಲೆ ಆಡಿದ ಮಾತುಗಳೆಲ್ಲ ಒಟ್ಟಿಗೆ ನೆನಪಾದವು. ರೇಡಿಯೋವನ್ನು ಪಕ್ಕಕ್ಕೆ ಸರಿಸಿ, ಅಪರೂಪಕ್ಕೆ ಹೆಂಡತಿಯ ಕೈ ಹಿಡಿದು, ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕೆಂದು ಬಾಯಿ ತೆರೆದರು.

ಬೇಲಿಯಾಚೆ ಟಿಣಿಟಿಣಿ ಎಂದಿತು. ಯೋಜನೆ ಇನ್ನೂ ಶುರುವಾಗಿರಲಿಲ್ಲ, ಆದರೆ ಹತ್ತು ರೂಪಾಯಿಯ ಸುದ್ದಿ ಊರೆಲ್ಲ ಸುತ್ತಿ ಬಂದಿತ್ತು. ಬೇವಿನ ಮರದಿಂದ ತೋಟದ ಗೇಟಿನ ತನಕ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ಕಂದಸಾಮಿ ಒಂದು ಗೋಣಿಚೀಲ ಹೊತ್ತು ನಿಂತಿದ್ದ. ಅಯ್ಯಾವು ಎದ್ದು ಹೋಗಿ ಗೇಟು ತೆರೆದು, ಇಷ್ಟೂ ನಿನ್ನದೇನಾ ಎಂದು ಕೇಳಿದರು.

"ಛೆ ಛೆ, ಇಲ್ಲ ಅಣ್ಣೇ," ಎಂದ ಕಂದಸಾಮಿ, ಚೀಲ ಇಳಿಸುತ್ತ. "ಇದ್ರಾಗ ಒಂದೇ ಒಂದು ಮಾತ್ರ ನನ್ದಲ್ಲ, ಮಿಕ್ಕದ್ದೆಲ್ಲ ನನ್ದೇ. ವಳ್ಳಿ ಅತ್ತಿಗೆ ಕೂಡೆ ಹೇಳ್ಬೇಡಿ."