ಹೊಳೆಯಬಾರದ ತಲೆ

ಬಣ್ಣದ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯರನ್ನು ಕೋಲಾರದ ಸೀಮೆಯಲ್ಲಿ ನಾನಿನ್ನೂ ಕಂಡಿಲ್ಲ. ಆದ್ದರಿಂದ ಕುಂಚ ಹಿಡಿದವರಿಗೆ ಇಲ್ಲಿ ನಗೆಯ ಕೊರತೆಯೂ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೋಲಾರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆಯ ಅಧ್ಯಾಪಕಿಯಾಗಿದ್ದೆ.

೧. ಕೂದಲು

ಜಿಲ್ಲೆಯ ವಸ್ತುಪ್ರದರ್ಶನಕ್ಕೆಂದು ಶ್ರೀನಿವಾಸಪುರದ ಮಾವಿನ ಮಂಡಿಯನ್ನು ಹೆಬ್ಬೆರಳುದ್ದದ ಮಣ್ಣಿನ ಬೊಂಬೆಗಳಲ್ಲಿ ರೂಪಿಸಿದ್ದೆ: ಬುಟ್ಟಿ ಹೊತ್ತವರು, ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುವವರು. ಆಯ್ಕೆಯಾದರೆ ಅದು ಬೆಂಗಳೂರಿನ ಪ್ರದರ್ಶನಕ್ಕೆ ಹೋಗುತ್ತಿತ್ತು. ನನಗಿದ್ದ ಆಸೆ ಅದೊಂದೇ. ಆಯ್ಕೆ ಮಾಡುವವರು ಶಿಕ್ಷಣ ಇಲಾಖೆಯ ಸಾಹೇಬರು.

ಮುಖ್ಯೋಪಾಧ್ಯಾಯಿನಿ ಬಂದು ನೋಡಿ, "ಇದ್ರಲ್ಲಿ ಸಾಹೇಬ್ರೆಲ್ಲಿ?" ಎಂದರು.

"ಮಾವಿನ ಮಂಡಿಯಲ್ಲಿ ಅವರಿಗೇನು ಕೆಲಸ?"

"ಉದ್ಘಾಟನೆ ಮಾಡ್ತಾ ಇರ್ಲಿ."

ಹೀಗೆ ಸಾಹೇಬರೂ ಕತ್ತರಿ ಹಿಡಿದು ಮಂಡಿಯ ಬಾಗಿಲಲ್ಲಿ ನಿಂತರು. ಅವರದು ಬೋಳುತಲೆ. ಅದನ್ನು ನೋಡಿ ನಕ್ಕ ಗುಮಾಸ್ತರೊಬ್ಬರು ಆಂಧ್ರದ ಗಡಿಗೆ ವರ್ಗವಾಗಿದ್ದರು.

"ಸ್ವಲ್ಪ ಕೂದಲು ಬರೆದ್ಬಿಡಿ," ಎಂದರು ಮುಖ್ಯೋಪಾಧ್ಯಾಯಿನಿ.

"ಇಲ್ಲದ್ದನ್ನು ನಾನು ಬರೆಯುವುದಿಲ್ಲ. ತಲೆ ಹೊಳೆಯದಂತೆ ಮ್ಯಾಟ್ ವಾರ್ನಿಷ್ ಹಚ್ಚುತ್ತೇನೆ."

"ಹಚ್ಚಿ. ಹೊಳೀತೋ, ನಿಮ್ಮ ಮುಂದಿನ ಪಾಠ ಗಡೀಲೇ ಕಣ್ರೀ!"

೨. ತಿಳಿ

ಬಣ್ಣದಂಗಡಿಯವನು ನನಗಾಗಿ ಬೆಂಗಳೂರಿನಿಂದ ಡಬ್ಬಿ ತರಿಸಿ, ಅದರಿಂದ ನನ್ನ ಶೀಶೆಗೆ ವಾರ್ನಿಷ್ ತುಂಬಿಸಿಕೊಟ್ಟ. ಮನೆಗೆ ತಂದು ಹಚ್ಚಿದೆ. ಒಣಗಿದ ಮೇಲೆ ಸಾಹೇಬರ ತಲೆ ಹುಣಸೆಹಣ್ಣಿನಿಂದ ತಿಕ್ಕಿದ ತಂಬಿಗೆಯಂತೆ ಥಳಥಳಿಸಿತು. ಅಂಗಡಿಗೆ ಮರಳಿದೆ.

"ನೀವು ಕೊಟ್ಟದ್ದೇನು?"

"ಡಬ್ಬಿ ತಳದಲ್ಲಿ ಬೂದಿ ತರ ಗಸಿ ಇತ್ತು ಮೇಡಮ್ಮ. ತಮ್ಮಂಥೋರಿಗೆ ಅದನ್ನ ಕೊಡೋದಾ? ಮೇಲಿನ ತಿಳಿ ಮಾತ್ರ ಬಗ್ಗಿಸಿ ಕೊಟ್ಟೆ."

ಹೊಳಪನ್ನು ಅಡಗಿಸುವುದೇ ಆ ಗಸಿಯೆಂದೂ, ಅದನ್ನು ಕಲಕಿದರೆ ಮಾತ್ರ ವಾರ್ನಿಷ್ ಮ್ಯಾಟ್ ಆಗುವುದೆಂದೂ ವಿವರಿಸಿದೆ. ಆತ ವಿನಯದಿಂದ ಕೇಳಿ, ಕಲಕಿ, ಶೀಶೆ ತುಂಬಿಸಿಕೊಟ್ಟ. ನಾನು ಮೆಟ್ಟಿಲಿಳಿಯುವಾಗ ಮತ್ತೊಬ್ಬ ಗಿರಾಕಿಗೆ ಹೇಳುತ್ತಿದ್ದ: "ಓದಿದೋರ್ ರುಚಿನೇ ಬೇರೆ ಸ್ವಾಮಿ. ದುಡ್ಡು ಕೊಟ್ಟು ಕಸ ಕೇಳಿ ತಗೊಂಡು ಹೋಗ್ತಾರೆ."

೩. ಎಣ್ಣೆ

ಈ ಸಲ ವಾರ್ನಿಷ್ ನಾನೆಣಿಸಿದಂತೆಯೇ ಒಣಗಿತು. ಬೊಂಬೆಗಳ ಚರ್ಮ ಮನುಷ್ಯರ ಚರ್ಮದಂತೆಯೇ ಕಂಡಿತು. ಪ್ರದರ್ಶನದ ದಿನ ಬೆಳಿಗ್ಗೆ ಅವನ್ನು ಜಗಲಿಯಲ್ಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ, ಕಾಫಿಪುಡಿ ಕೇಳಲು ಬಂದಿದ್ದ ನೆರೆಮನೆಯಾಕೆ ಕೊಬ್ಬರಿ ಎಣ್ಣೆಯ ಬಟ್ಟಲಿನೊಂದಿಗೆ ಅವುಗಳ ನಡುವೆ ಕುಳಿತಿದ್ದಾರೆ.

"ಇದೇನು ಮಾಡಿದಿರಿ?"

"ಅಯ್ಯೋ ದೇವುಡಾ, ಎಲ್ಲಾರೂ ಜ್ವರ ಬಿಟ್ಟೋರ ತರ ಇದ್ರು ಕಣಮ್ಮ! ಈಗ ನೋಡು, ಎಂಥಾ ಕಳೆ ಬಂತು!" ಎಂದವರು ಸಾಹೇಬರನ್ನು ಎತ್ತಿ ತೋರಿಸಿದರು. "ಇವ್ರಿಗೆ ಇನ್ನೊಂದಿಷ್ಟು ಜಾಸ್ತಿನೇ ತಿಕ್ಕಿದೀನಿ. ಪಾಪ, ಎಣ್ಣೆ ಕಾಣದೆ ಪೂರ್ತಿ ಉದುರೋಗಿದೆ."

೪. ಸಾಹೇಬರು

ಸೋಪಿನ ನೀರಿನಲ್ಲಿ ಎಣ್ಣೆ ಒರೆಸಿ, ಚೆನ್ನಾಗಿ ಒಣಗಿಸಿ, ಮತ್ತೊಮ್ಮೆ ತೆಳುವಾಗಿ ವಾರ್ನಿಷ್ ಹಚ್ಚಿ, ಪೆಂಡಾಲನ್ನು ಹೇಗೋ ಸೇರಿದೆ. ಸಾಹೇಬರು ನನ್ನ ಮಾವಿನ ಮಂಡಿಯ ಮೇಲೆ ಬಾಗಿದರು. ಟ್ಯೂಬ್‌ಲೈಟು ಇಡಿಯಾಗಿ ಅವರ ನೆತ್ತಿಯಲ್ಲಿ ಮೂಡಿತು. ಕೆಳಗಿದ್ದ ಬೊಂಬೆಯ ನೆತ್ತಿಯಲ್ಲಿ ಒಂದು ಮಿಣುಕೂ ಇಲ್ಲ. ಮುಖ್ಯೋಪಾಧ್ಯಾಯಿನಿ ಕಣ್ಣು ಮುಚ್ಚಿಕೊಂಡರು.

"ಇದು ನಾನಾ?"

"ಹೌದು, ಸಾರ್."

"ಕೂದಲಿಲ್ಲ."

"ಇಲ್ಲ, ಸಾರ್."

"ಆದ್ರೂ ಹೊಳೀತಿಲ್ವಲ್ಲ!"

"ಮ್ಯಾಟ್ ವಾರ್ನಿಷ್, ಸಾರ್."

ಅವರು ಬಹಳ ಹೊತ್ತು ನೋಡಿದರು. ಬಳಿಕ ನಮ್ಮ ಮಂಡಿಯೇ ಬೆಂಗಳೂರಿಗೆ ಹೋಗತಕ್ಕದ್ದೆಂದು ಎಲ್ಲರೆದುರು ಸಾರಿದರು. ಚಪ್ಪಾಳೆಯಾಯಿತು. ಮುಖ್ಯೋಪಾಧ್ಯಾಯಿನಿ ಕಣ್ಣು ತೆರೆದರು. ನಾನು ಕೈಮುಗಿದು ಹೊರಟಾಗ ಸಾಹೇಬರು ನನ್ನನ್ನು ಕಂಬದ ಮರೆಗೆ ಕರೆದು, ಸುತ್ತ ನೋಡಿ, ದನಿ ತಗ್ಗಿಸಿದರು:

"ಮೇಡಂ, ಮುಂದಿನ ವಾರ ಮಗಳ ಮದುವೆ. ಫೋಟೋದವನು ಬೇರೆ ಬರ್ತಾನೆ. ಆ ಶೀಶೇಲಿ ಸ್ವಲ್ಪ ಉಳಿದಿದ್ಯಾ?"